ಸೊನ್ನೆಯಿಂದ ಫ್ರೆಂಚ್: ಮೊದಲ ಸಲ ಕಲಿಯುವವರಿಗೆ

ಕಾಸರಗೋಡಿನಿಂದ ಕೋಝಿಕ್ಕೋಡಿಗೆ ಹೋಗುವ ರೈಲು ತಲಶ್ಶೇರಿ ದಾಟಿದ ಮೇಲೆ ಮಾಹೆ ನಿಲ್ದಾಣ ಸಿಗುತ್ತದೆ. ಮಲಯಾಳದಲ್ಲಿ ಮಯ್ಯಳಿ ಎಂದು ಕರೆಯುವ ಈ ಪುಟ್ಟ ಊರು 1954ರ ಜುಲೈ ತನಕ ಫ್ರೆಂಚರ ಕೈಯಲ್ಲಿತ್ತು. ಈಗ ಅದು ಪುದುಚ್ಚೇರಿ ಕೇಂದ್ರಾಡಳಿತ ಪ್ರದೇಶದ ಭಾಗ. ಮಲಯಾಳದ ಕಾದಂಬರಿಕಾರ ಎಂ. ಮುಕುಂದನ್ ಹುಟ್ಟಿದ್ದು ಅಲ್ಲಿಯೇ. ಅವರು ಮುಂದೆ ದಿಲ್ಲಿಯ ಫ್ರೆಂಚ್ ರಾಯಭಾರ ಕಚೇರಿಯಲ್ಲಿ ಕೆಲಸ ಮಾಡಿದರು. ಅಂದರೆ ಫ್ರೆಂಚ್ ನಮ್ಮ ಕರಾವಳಿಗೆ ತೀರಾ ಅಪರಿಚಿತ ಭಾಷೆಯೇನೂ ಅಲ್ಲ.

ಇಂದು ಈ ಭಾಷೆ ಫ್ರಾನ್ಸಿನ ಸೊತ್ತು ಮಾತ್ರವೂ ಅಲ್ಲ. ಫ್ರೆಂಚ್ ಭಾಷಿಕ ದೇಶಗಳ ಒಕ್ಕೂಟ 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ 32 ಕೋಟಿಗೂ ಹೆಚ್ಚು ಜನ ಫ್ರೆಂಚ್ ಬಲ್ಲವರು. ಅವರಲ್ಲಿ ದೊಡ್ಡ ಪಾಲು ಆಫ್ರಿಕಾದಲ್ಲಿದೆ. ಮೊರೊಕ್ಕೊ, ಅಲ್ಜೀರಿಯಾ, ತುನೀಸಿಯಾ, ಸೆನೆಗಲ್, ಬೆಲ್ಜಿಯಂ, ಸ್ವಿಟ್ಜರ್‌ಲ್ಯಾಂಡ್, ಕೆನಡಾದ ಕ್ಯೂಬೆಕ್ ಹೀಗೆ ಹರಡಿಕೊಂಡಿರುವ ಭಾಷೆ ಇದು. ಗಲ್ಫ್‌ನಲ್ಲಿ ದುಡಿಯುವವರಿಗೆ ಮೊರೊಕ್ಕೊ, ಲೆಬನಾನ್ ಕಡೆಯ ಸಹೋದ್ಯೋಗಿಗಳು ತಮ್ಮತಮ್ಮಲ್ಲಿ ಅರಬಿಯ ನಡುವೆ ಫ್ರೆಂಚ್ ಬೆರೆಸಿ ಮಾತಾಡುವುದು ಕೇಳಿ ಗೊತ್ತಿರುತ್ತದೆ.

ನಮ್ಮ ಯುವಕ ಯುವತಿಯರು ಫ್ರೆಂಚ್ ಕಡೆ ನೋಡುತ್ತಿರುವುದಕ್ಕೆ ಮುಖ್ಯ ಕಾರಣ ಎರಡು: ಫ್ರಾನ್ಸಿನಲ್ಲಿ ಉನ್ನತ ವಿದ್ಯಾಭ್ಯಾಸ, ಕೆನಡಾಕ್ಕೆ ವಲಸೆ. ಎರಡರಲ್ಲೂ ಹಣ ಮತ್ತು ವರ್ಷಗಳ ಲೆಕ್ಕ ಇದೆ. ಹಾಗಾಗಿ ಯಾವುದು ಸುಲಭ, ಯಾವುದು ಕಷ್ಟ, ಎಷ್ಟು ಸಮಯ ಬೇಕು ಎಂಬುದು ಕೋರ್ಸಿಗೆ ಫೀಸು ಕಟ್ಟುವ ಮೊದಲೇ ಗೊತ್ತಿರಬೇಕು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಮದ್ರಸದಲ್ಲಿ ಅರಬಿ ಅಕ್ಷರ ಕಲಿತ ಹುಡುಗನೋ ಹುಡುಗಿಯೋ ನಿಜವಾಗಿ ಸೊನ್ನೆಯಿಂದ ಶುರು ಮಾಡುವುದಿಲ್ಲ. ಇಂಗ್ಲಿಷಿನವರಿಗಾಗಿ ಬರೆದ ಪುಸ್ತಕಗಳು ಕಷ್ಟ ಎಂದು ಹೆದರಿಸುವ ಅರ್ಧ ಸಂಗತಿ ಇವರಿಗೆ ಕಷ್ಟವೇ ಅಲ್ಲ. ಉಳಿದ ಅರ್ಧ ಮಾತ್ರ ನಿಜಕ್ಕೂ ಕಷ್ಟ, ಅದಕ್ಕೆ ಶಾರ್ಟ್‌ಕಟ್ ಇಲ್ಲ.

ಮೊದಲು ಕಿವಿ, ಆಮೇಲೆ ಕಣ್ಣು

ಫ್ರೆಂಚಿನಲ್ಲೂ ಇಂಗ್ಲಿಷಿನ ಅದೇ 26 ಅಕ್ಷರಗಳು. ಅಕ್ಷರ ಪರಿಚಿತ, ಓದು ಬೇರೆ. ಹೊಸಬರು ಬೀಳುವುದು ಇಲ್ಲಿಯೇ. ಪದದ ಕೊನೆಯ ವ್ಯಂಜನ ಬರವಣಿಗೆಯಲ್ಲಿರುತ್ತದೆ, ಬಾಯಲ್ಲಿ ಬರುವುದಿಲ್ಲ. ನಮ್ಮ ರಸ್ತೆಗಳಲ್ಲಿ ಓಡುವ ಕಾರನ್ನು ನಾವು ‘ರೆನಾಲ್ಟ್’ ಎನ್ನುತ್ತೇವೆ, ಫ್ರೆಂಚರಿಗೆ ಅದು ‘ರನೋ’. ಕೊನೆಯ ಎಲ್, ಟಿ ಎರಡೂ ಮಾಯ. ‘ಪ್ಯಾರಿಸ್’ ಅವರ ಬಾಯಲ್ಲಿ ‘ಪಾರಿ’. ‘ರೆಸ್ಟೋರೆಂಟ್’ ಎಂಬುದು ‘ರೆಸ್ತೋರಾಂ’. ಸಿ, ಆರ್, ಎಫ್, ಎಲ್ ಈ ನಾಲ್ಕು ಕೊನೆಯಲ್ಲಿ ಬಂದರೆ ಹೆಚ್ಚಾಗಿ ಉಚ್ಚರಿಸುತ್ತಾರೆ. ‘ಕೇರ್‌ಫುಲ್’ ಎಂಬ ಇಂಗ್ಲಿಷ್ ಪದದ ವ್ಯಂಜನಗಳು ಎಂದು ನೆನಪಿಟ್ಟುಕೊಂಡರೆ ಸಾಕು. ಇದಕ್ಕೂ ಅಪವಾದಗಳಿವೆ. ‘ಎಚ್’ ಅಕ್ಷರವಂತೂ ಎಲ್ಲಿ ಬಂದರೂ ಮೌನ. ಹೋಟೆಲ್ ಅಲ್ಲಿ ‘ಓತೆಲ್’.

ಧ್ವನಿಗಳ ವಿಷಯಕ್ಕೆ ಬಂದರೆ ನಮ್ಮವರಿಗೆ ಲಾಭವೇ ಹೆಚ್ಚು. ಇಂಗ್ಲಿಷ್ ಮಾತಾಡುವವರು ಫ್ರೆಂಚಿನ ‘ತ’, ‘ದ’ಗಳಿಗಾಗಿ ನಾಲಗೆ ತಿದ್ದಿಕೊಳ್ಳಬೇಕು. ಕನ್ನಡ, ಬ್ಯಾರಿ ಬಲ್ಲವರಿಗೆ ಅದು ಹುಟ್ಟಿನಿಂದ ಬಂದದ್ದು. ಟೇಬಲ್ ಎನ್ನದೆ ‘ತಾಬ್ಲ್’ ಎಂದರೆ ಆಯಿತು. ಫ್ರೆಂಚಿನ ‘ರ’ ಬಗ್ಗೆ ಎಷ್ಟೋ ವೀಡಿಯೊಗಳಿವೆ, ಗಂಟಲಿಗೆ ನೀರು ಹಾಕಿ ಗರಗರ ಮಾಡಿ ಎಂದು ಹೇಳುವವರೂ ಇದ್ದಾರೆ. ಮದ್ರಸದಲ್ಲಿ ಉಸ್ತಾದರು ‘ಗೈನ್’ ಅಕ್ಷರವನ್ನು ತಿದ್ದಿ ಕಲಿಸಿದ್ದರೆ ಆ ಗರಗರ ಬೇಡ. ‘ಮಗ್ರಿಬ್’ ಪದದ ಗೈನ್ ಹೊರಡುವ ಜಾಗದ ಹತ್ತಿರದಿಂದಲೇ ಫ್ರೆಂಚಿನ ‘ರ’ ಹೊರಡುತ್ತದೆ, ಸ್ವಲ್ಪ ಮೆದುವಾಗಿ.

ಮೂಗಿನ ಸ್ವರಗಳು ಇನ್ನೊಂದು ಸಂಗತಿ. ‘ಬೋಂ’ ಎಂದರೆ ಒಳ್ಳೆಯದು, ‘ಬಾಂ’ ಎಂದರೆ ಬೆಂಚು, ‘ಬೇಂ’ ಎಂದರೆ ಸ್ನಾನ. ಕನ್ನಡದಲ್ಲಿ ಸೊನ್ನೆ ಬರೆದರೆ ನಾವು ಅದನ್ನು ಮುಂದಿನ ಅಕ್ಷರಕ್ಕೆ ತಕ್ಕಂತೆ ‘ನ್’ ಅಥವಾ ‘ಮ್’ ಮಾಡಿ ಓದುತ್ತೇವೆ. ಫ್ರೆಂಚಿನಲ್ಲಿ ಹಾಗೆ ಮಾಡಬಾರದು. ತುಟಿ ಮುಚ್ಚಬಾರದು, ನಾಲಗೆ ಮೇಲಕ್ಕೆ ತಾಗಬಾರದು, ಉಸಿರು ಮೂಗಿನಲ್ಲೂ ಹೋಗಬೇಕು. ತಜ್ವೀದ್ ಪಾಠದ ‘ಗುನ್ನ’ ಅಭ್ಯಾಸವಿದ್ದವರಿಗೆ, ಉರ್ದುವಿನ ‘ಹಾಂ’ ಕೇಳಿದವರಿಗೆ ಈ ದಾರಿ ಗೊತ್ತು.

ನಿಜಕ್ಕೂ ಹೊಸತು ಅಂದರೆ ಫ್ರೆಂಚಿನ ‘ಯು’. ನಾಲಗೆಯನ್ನು ‘ಈ’ ಎನ್ನುವಂತೆ ಇಟ್ಟು ತುಟಿಯನ್ನು ‘ಊ’ ಎನ್ನುವಂತೆ ಉರುಟು ಮಾಡಿದರೆ ಅದು ಬರುತ್ತದೆ. ರಸ್ತೆ ಎಂಬ ಪದಕ್ಕೂ ಚಕ್ರ ಎಂಬ ಪದಕ್ಕೂ ಇರುವ ವ್ಯತ್ಯಾಸ ಈ ಒಂದೇ ಸ್ವರ. ಚಕ್ರಕ್ಕೆ ನಮ್ಮ ‘ರೂ’ ಸಾಕು, ರಸ್ತೆಗೆ ಈ ಹೊಸ ಸ್ವರ ಬೇಕು. ಕನ್ನಡ ಲಿಪಿಯಲ್ಲಿ ಇದನ್ನು ಸರಿಯಾಗಿ ಬರೆಯಲು ದಾರಿಯಿಲ್ಲ. ಇಲ್ಲಿ ಕೊಟ್ಟಿರುವ ಕನ್ನಡ ಉಚ್ಚಾರಗಳೆಲ್ಲ ಅಂದಾಜು ಮಾತ್ರ, ಕೊನೆಯ ಮಾತು ಆಡಿಯೋದ್ದು.

ಸಂಧಿ ಗೊತ್ತಿದ್ದವರಿಗೆ ಹೆದರಿಕೆಯಿಲ್ಲ

ಕೇಳುವಾಗ ಫ್ರೆಂಚ್ ಒಂದೇ ಉದ್ದ ದಾರದ ಹಾಗೆ ಕೇಳಿಸುತ್ತದೆ, ಪದ ಎಲ್ಲಿ ಮುಗಿಯಿತು ಎಂದು ತಿಳಿಯುವುದಿಲ್ಲ. ಇದಕ್ಕೆ ಕಾರಣ ಹೈಸ್ಕೂಲಿನಲ್ಲಿ ಕಲಿತ ಸಂಧಿಯೇ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಒಂದು ಸ್ವರ ಬಿದ್ದುಹೋಗುತ್ತದೆ. ಫ್ರೆಂಚಿನಲ್ಲಿ ‘ಲ’ ಮತ್ತು ‘ಅಮಿ’ ಸೇರಿ ‘ಲಮಿ’ ಆಗುವುದೂ ಅದೇ ಲೋಪ, ಗೆಳೆಯ ಎಂದು ಅರ್ಥ. ‘ಮನೆ’ ಮತ್ತು ‘ಅಲ್ಲಿ’ ನಡುವೆ ‘ಯ’ ಬಂದು ‘ಮನೆಯಲ್ಲಿ’ ಆಗುವ ಹಾಗೆ, ‘ಲೆ’ ಮತ್ತು ‘ಅಮಿ’ ನಡುವೆ ಒಂದು ‘ಝ’ ಕೇಳಿಸಿ ‘ಲೆಝಮಿ’ ಆಗುತ್ತದೆ, ಗೆಳೆಯರು. ಒಂದು ವ್ಯತ್ಯಾಸ ಇದೆ: ಆ ‘ಝ’ ಹೊಸದಾಗಿ ಬಂದದ್ದಲ್ಲ, ಬರವಣಿಗೆಯಲ್ಲಿ ಮೌನವಾಗಿ ಕೂತಿದ್ದ ‘ಎಸ್’ ಮುಂದೆ ಸ್ವರ ಸಿಕ್ಕಿದ ಕೂಡಲೇ ಬಾಯಿ ತೆರೆದದ್ದು. ಇದು ತಿಳಿದರೆ ಅರ್ಧ ಗೊಂದಲ ಹೋಗುತ್ತದೆ.

ಸೂರ್ಯ ಗಂಡು, ಚಂದ್ರ ಹೆಣ್ಣು

ಫ್ರೆಂಚಿನ ಪ್ರತಿ ನಾಮಪದಕ್ಕೂ ಲಿಂಗ ಇದೆ. ಮೇಜು ಹೆಣ್ಣು, ಪುಸ್ತಕ ಗಂಡು. ಕನ್ನಡದವರಿಗೆ ಇದು ತಮಾಷೆ ಎನಿಸುತ್ತದೆ, ನಮ್ಮಲ್ಲಿ ಮೇಜು ಬರೀ ‘ಅದು’. ಅರಬಿ ಓದಿದವರಿಗೆ ಇದು ಹಳೆಯ ಪರಿಚಯ. ಅಲ್ಲಿ ‘ಶಮ್ಸ್’, ಅಂದರೆ ಸೂರ್ಯ, ಸ್ತ್ರೀಲಿಂಗ. ‘ಖಮರ್’, ಅಂದರೆ ಚಂದ್ರ, ಪುಲ್ಲಿಂಗ. ಫ್ರೆಂಚಿನಲ್ಲಿ ಇದು ನೇರ ಉಲ್ಟಾ: ಸೂರ್ಯ ‘ಲ ಸೊಲೆಯ್’ ಪುಲ್ಲಿಂಗ, ಚಂದ್ರ ‘ಲಾ ಲ್ಯೂನ್’ ಸ್ತ್ರೀಲಿಂಗ. ಅರ್ಥ ನೋಡಿ ಲಿಂಗ ಊಹಿಸಲು ಹೊರಟರೆ ತಪ್ಪುತ್ತದೆ ಎನ್ನಲು ಬೇರೆ ಸಾಕ್ಷಿ ಬೇಡ.

ಪದವನ್ನು ಒಂಟಿಯಾಗಿ ಬಾಯಿಪಾಠ ಮಾಡಬಾರದು. ‘ತಾಬ್ಲ್’ ಎಂದಲ್ಲ, ‘ಲಾ ತಾಬ್ಲ್’ ಎಂದೇ ಕಲಿಯಬೇಕು. ‘ಲ’ ಎಂದರೆ ಪುಲ್ಲಿಂಗ, ‘ಲಾ’ ಎಂದರೆ ಸ್ತ್ರೀಲಿಂಗ. ಕೊನೆಯ ಭಾಗ ನೋಡಿ ಸ್ವಲ್ಪ ಅಂದಾಜು ಮಾಡಬಹುದು. ಇಂಗ್ಲಿಷಿನಲ್ಲಿ ‘ಷನ್’ ಎಂದು ಮುಗಿಯುವ ನೇಷನ್, ಸ್ಟೇಷನ್‌ನಂಥವು ಫ್ರೆಂಚಿನಲ್ಲಿ ‘ಸ್ಯೋಂ’ ಆಗುತ್ತವೆ, ಅವು ಸ್ತ್ರೀಲಿಂಗ. ‘ಮಾಂ’ ಎಂದು ಮುಗಿಯುವ ಗೂವೆರ್ನಮಾಂ, ಅಂದರೆ ಸರಕಾರ, ಅಂಥವು ಪುಲ್ಲಿಂಗ. ಗುಣವಾಚಕವೂ ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ. ಭಾರತೀಯ ಹುಡುಗ ‘ಏಂದ್ಯೇಂ’, ಹುಡುಗಿ ‘ಏಂದ್ಯೆನ್’. ತನ್ನ ಪರಿಚಯ ಹೇಳುವ ಮೊದಲ ವಾಕ್ಯದಲ್ಲೇ ಇದು ಬೇಕಾಗುತ್ತದೆ.

ಕ್ರಿಯಾಪದಗಳ ಪಟ್ಟಿ ನೋಡಿ ಹಲವರು ಪುಸ್ತಕ ಮುಚ್ಚುತ್ತಾರೆ. ಆದರೆ ಮಾತಿನಲ್ಲಿ ಅದು ಅಷ್ಟು ಭಾರವಿಲ್ಲ. ಮಾತಾಡು ಎಂಬುದಕ್ಕೆ ‘ಪಾರ್ಲೆ’. ನಾನು, ನೀನು, ಅವನು, ಅವರು ಈ ನಾಲ್ಕಕ್ಕೂ ಬರೆಯುವಾಗ ಮೂರು ರೂಪ, ಕಿವಿಗೆ ಮಾತ್ರ ಒಂದೇ ‘ಪಾರ್ಲ್’. ‘ನಾವು’ ಮತ್ತು ‘ನೀವು’ ಎಂಬುದಕ್ಕಷ್ಟೇ ಬೇರೆ: ಪಾರ್ಲೋಂ, ಪಾರ್ಲೆ. ಕನ್ನಡದಲ್ಲಿ ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತಾನೆ, ಮಾತಾಡುತ್ತಾಳೆ, ಮಾತಾಡುತ್ತಾರೆ ಎಂದು ಹೇಳುವವರು ಇದಕ್ಕೆ ಹೆದರಬೇಕಾಗಿಲ್ಲ. ಮೊದಲ ತಿಂಗಳಿಗೆ ನಾಲ್ಕು ಕ್ರಿಯಾಪದ ಸಾಕು: ‘ಎತ್ರ್’ ಇರು, ‘ಅವ್ವಾರ್’ ಹೊಂದಿರು, ‘ಅಲೆ’ ಹೋಗು, ‘ಫೆರ್’ ಮಾಡು. ಇವು ನಿಯಮ ಮುರಿಯುವವು, ಆದರೆ ಅರ್ಧ ಮಾತು ಇವುಗಳ ಮೇಲೇ ನಿಂತಿದೆ. ‘ನನಗೆ 20 ವರ್ಷ’ ಎನ್ನಲು ಫ್ರೆಂಚರು ‘ನನ್ನಲ್ಲಿ 20 ವರ್ಷ ಇದೆ’ ಎಂಬ ಧಾಟಿಯಲ್ಲಿ ಹೇಳುತ್ತಾರೆ. ಹಸಿವು, ಬಾಯಾರಿಕೆಗೂ ಹಾಗೆಯೇ. ಇಂಗ್ಲಿಷ್ ಮೂಲಕ ಯೋಚಿಸಿದರೆ ಇಲ್ಲಿ ತಪ್ಪು ಖಂಡಿತ.

ಲೆಕ್ಕದ ಪರೀಕ್ಷೆ

ಒಂದರಿಂದ 69ರ ತನಕ ಫ್ರೆಂಚ್ ಸಂಖ್ಯೆ ಸೀದಾ ಹೋಗುತ್ತದೆ. 70 ಎಂದರೆ ‘ಅರುವತ್ತು ಹತ್ತು’. 71 ‘ಅರುವತ್ತು ಮತ್ತು ಹನ್ನೊಂದು’. 80 ಎಂದರೆ ‘ನಾಲ್ಕು ಇಪ್ಪತ್ತು’. 99 ಎನ್ನಲು ‘ನಾಲ್ಕು ಇಪ್ಪತ್ತು ಹತ್ತು ಒಂಬತ್ತು’ ಎಂದು ಹೇಳಬೇಕು. ಬೆಲ್ಜಿಯಂ, ಸ್ವಿಟ್ಜರ್‌ಲ್ಯಾಂಡಿನವರು 70ಕ್ಕೂ 90ಕ್ಕೂ ಬೇರೆ ಸರಳ ಪದ ಇಟ್ಟುಕೊಂಡಿದ್ದಾರೆ, ಬುದ್ಧಿವಂತರು. ಇದು ಬರೀ ಕುತೂಹಲದ ಸಂಗತಿಯಲ್ಲ. ಫ್ರಾನ್ಸಿನಲ್ಲಿ ಹತ್ತು ಅಂಕಿಯ ಫೋನ್ ನಂಬರನ್ನು ಎರಡೆರಡಾಗಿ ಹೇಳುತ್ತಾರೆ. ಮನೆ ಬಾಡಿಗೆಗೆ ಕೇಳಲು ಹೋದವನಿಗೆ ಎದುರಿನವರು ‘ಅರುವತ್ತು’ ಎಂದ ಕೂಡಲೇ 6 ಬರೆದರೆ ಮುಂದೆ ‘ಹದಿನೈದು’ ಬಂದಾಗ ಅದು 75 ಆಗಿಬಿಟ್ಟಿರುತ್ತದೆ. ಜೋಡಿ ಪೂರ್ತಿ ಕೇಳಿ ಆಮೇಲೆ ಬರೆಯುವುದನ್ನು ರೂಢಿ ಮಾಡಿಕೊಳ್ಳಬೇಕು.

ನಮ್ಮ ಪದಗಳು ಅಲ್ಲಿ

ಫ್ರೆಂಚಿನಲ್ಲಿ ಅರಬಿಯಿಂದ ಹೋದ ಪದ ಸಾಕಷ್ಟಿವೆ. ಅಂಗಡಿಗೆ ‘ಮಗಾಝೇಂ’ ಎನ್ನುತ್ತಾರೆ. ಅದರ ಮೂಲ ಉಗ್ರಾಣ ಎಂಬ ಅರ್ಥದ ಅರಬಿಯ ‘ಮಖ್‌ಝನ್’. ನಮ್ಮ ‘ಖಜಾನೆ’ಯೂ ಅದೇ ಧಾತುವಿನದು. ಹತ್ತಿಗೆ ‘ಕೊತೋಂ’, ಅದು ಅರಬಿಯ ‘ಕುತ್ನ್’. ಸಕ್ಕರೆಗೆ ‘ಸುಕ್ರ್’. ಅಂಕಿಗೆ ‘ಶಿಫ್ರ್’, ಸೊನ್ನೆಗೆ ‘ಝೆರೊ’. ಎರಡೂ ಅರಬಿಯ ‘ಸಿಫ್ರ್’ನಿಂದಲೇ ಬಂದವು. ಡಾಕ್ಟರನ್ನು ಆಡುಮಾತಿನಲ್ಲಿ ‘ತೂಬಿಬ್’ ಎನ್ನುವವರೂ ಇದ್ದಾರೆ. ಮಲಬಾರಿನ ಪದಗಳೂ ಹಡಗು ಹತ್ತಿವೆ. ಮಾವಿನ ಹಣ್ಣಿಗೆ ‘ಮಾಂಗ್’, ವೀಳ್ಯದೆಲೆಗೆ ‘ಬೆತೆಲ್’, ಒಣ ಕೊಬ್ಬರಿಗೆ ‘ಕೊಪ್ರಾ’, ಸಾಗುವಾನಿಗೆ ‘ತೆಕ್’. ಎಲ್ಲವೂ ಮೂಲದಲ್ಲಿ ಮಲಯಾಳದವು. ಇವು ಹೆಚ್ಚಾಗಿ ಪೋರ್ಚುಗೀಸರ ಬಾಯಿಂದ ಯುರೋಪಿಗೆ ಹೋದವು.

ಇಂಗ್ಲಿಷಿನ ಹಾಗೆ ಕಾಣುವ ಪದಗಳ ಬಗ್ಗೆ ಮಾತ್ರ ಜಾಗ್ರತೆ. ‘ಲಿಬ್ರೆರಿ’ ಎಂದರೆ ಲೈಬ್ರರಿ ಅಲ್ಲ, ಪುಸ್ತಕದ ಅಂಗಡಿ. ‘ಕೊಲೆಜ್’ ಎಂದರೆ ಕಾಲೇಜು ಅಲ್ಲ, ಸುಮಾರು 11ರಿಂದ 15 ವರ್ಷದ ಮಕ್ಕಳ ಶಾಲೆ. ‘ಲಿಸಾಂಸ್’ ಎಂದರೆ ಮೂರು ವರ್ಷದ ಡಿಗ್ರಿ. ಡ್ರೈವಿಂಗ್ ಲೈಸೆನ್ಸಿಗೆ ‘ಪೆರ್ಮಿ’ ಎನ್ನಬೇಕು. ಅರ್ಜಿ ತುಂಬುವಾಗ ‘ಕೊಲೆಜ್ ಮುಗಿಸಿದ್ದೇನೆ’ ಎಂದು ಬರೆದರೆ ಎಂಟು ಒಂಬತ್ತನೇ ಕ್ಲಾಸು ಓದಿದ ಹಾಗೆ ಆಗುತ್ತದೆ. ಗಲ್ಫ್‌ನಲ್ಲಿದ್ದವರಿಗೆಲ್ಲ ಗೊತ್ತಿರುವ ‘ಕಾರ್‌ಫೂರ್’ ಅಂಗಡಿಯ ಹೆಸರಿಗೆ ಫ್ರೆಂಚಿನಲ್ಲಿ ಅರ್ಥ ಜಂಕ್ಷನ್, ರಸ್ತೆ ಕೂಡುವ ಜಾಗ.

ಮೊದಲ ಮಾತು

ಫ್ರಾನ್ಸಿನಲ್ಲಿ ಅಂಗಡಿ, ಬಸ್ಸು, ಕಚೇರಿ ಎಲ್ಲಿ ಕಾಲಿಟ್ಟರೂ ಮೊದಲು ‘ಬೋಂಜೂರ್’. ಸಂಜೆಯ ಮೇಲೆ ‘ಬೋಂಸ್ವಾರ್’. ಇಲ್ಲಿ ಸಲಾಂ ಹೇಳದೆ ಮನೆಯೊಳಗೆ ನುಗ್ಗಿದವನ ಬಗ್ಗೆ ಹಿರಿಯರು ಏನೆನ್ನುತ್ತಾರೋ, ಅಲ್ಲಿ ಬೋಂಜೂರ್ ಹೇಳದೆ ನೇರ ರೇಟು ಕೇಳಿದವನ ಬಗ್ಗೆಯೂ ಅದನ್ನೇ ಎನ್ನುತ್ತಾರೆ. ನೀನು ಎನ್ನಲು ‘ತು’, ನೀವು ಎನ್ನಲು ‘ವು’. ಇಂಗ್ಲಿಷಿನವರು ಇದಕ್ಕೆ ಒಂದು ಅಧ್ಯಾಯ ಓದುತ್ತಾರೆ, ಕನ್ನಡದವರಿಗೆ ಒಂದು ವಾಕ್ಯ ಸಾಕು. ಗೆಳೆಯರು, ಮಕ್ಕಳು, ಮನೆಯವರಿಗೆ ‘ತು’, ಉಳಿದವರಿಗೆಲ್ಲ ‘ವು’. ಸಂಶಯ ಬಂದರೆ ‘ವು’.

ಅರ್ಥವಾಗದಿದ್ದಾಗ ಸುಮ್ಮನೆ ತಲೆ ಅಲ್ಲಾಡಿಸುವುದಕ್ಕಿಂತ ‘ಜ ನ ಕೋಂಪ್ರಾಂ ಪಾ’, ನನಗೆ ಅರ್ಥವಾಗಲಿಲ್ಲ, ಎನ್ನುವುದು ಒಳ್ಳೆಯದು. ‘ಪ್ಲು ಲಾಂತ್‌ಮಾಂ, ಸಿಲ್ ವು ಪ್ಲೆ’, ಸ್ವಲ್ಪ ನಿಧಾನ, ದಯವಿಟ್ಟು. ಏನಾದರೂ ಬೇಕಾದರೆ ‘ಜ ವುದ್ರೆ’ ಎಂದು ಶುರು ಮಾಡಿದರೆ ಮರ್ಯಾದೆಯ ಮಾತು.

ಊಟದ ವಿಷಯದಲ್ಲಿ ಕೆಲವು ಪದ ಮೊದಲ ದಿನವೇ ಬೇಕು. ಹಲಾಲ್ ಎಂಬ ಪದ ಫ್ರಾನ್ಸಿನ ಅಂಗಡಿಗಳ ಬೋರ್ಡಿನಲ್ಲಿ ಸಾಮಾನ್ಯ, ‘ಎಚ್’ ಇಲ್ಲದೆ ‘ಅಲಾಲ್’ ಎಂದು ಕೇಳಿಸುತ್ತದೆ. ‘ಪೋರ್’ ಎಂದರೆ ಹಂದಿಮಾಂಸ, ಇಲ್ಲಿ ಕೊನೆಯ ಸಿ ಮೌನ. ‘ಜಾಂಬೋಂ’, ‘ಲಾರ್ದೋಂ’ ಎಂದು ಬರೆದಿದ್ದರೂ ಸಾಮಾನ್ಯವಾಗಿ ಅದೇ ಮಾಂಸ. ‘ಸೇಂದೂ’ ಎಂದರೆ ಹಂದಿ ಕೊಬ್ಬು, ಬಿಸ್ಕತ್ತಿನ ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ ಇರಬಹುದು. ‘ವೇಂ’ ಎಂದರೆ ವೈನ್, ಮಾಂಸದ ಸಾರಿಗೂ ಹಾಕುತ್ತಾರೆ. ‘ಸಾಂ’ ಎಂದರೆ ಇಲ್ಲದೆ. ‘ಸಾಂ ಪೋರ್’, ‘ಸಾಂಝಲ್ಕೊಲ್’ ಎಂದು ಕೇಳಿದರೆ ಅರ್ಥವಾಗುತ್ತದೆ. ಎರಡನೆಯದರಲ್ಲಿ ನಡುವೆ ಬಂದ ‘ಝ’ ಹಿಂದೆ ಹೇಳಿದ ಅದೇ ಸಂಧಿ.

ಕಲಿಯುವುದು ಎಲ್ಲಿ, ಹೇಗೆ

1883ರಲ್ಲಿ ಪ್ಯಾರಿಸಿನಲ್ಲಿ ಶುರುವಾದ ಅಲಿಯಾನ್ಸ್ ಫ್ರಾಂಸೇಸ್ ಸಂಸ್ಥೆಗೆ ಬೆಂಗಳೂರಿನ ವಸಂತನಗರದಲ್ಲೂ ತಿರುವನಂತಪುರದಲ್ಲೂ ಕೇಂದ್ರಗಳಿವೆ, ದುಬೈ ಮತ್ತು ಅಬುಧಾಬಿಯಲ್ಲೂ ಇವೆ. ಊರಿನಲ್ಲೇ ಇರುವವರಿಗೆ ಉಚಿತ ದಾರಿಗಳೂ ಇವೆ. ಟಿವಿ5 ಮೋಂದ್ ಚಾನೆಲಿನ ಕಲಿಕಾ ತಾಣದಲ್ಲಿ ತೀರಾ ಹೊಸಬರಿಗಾಗಿ ಸಣ್ಣ ಸಣ್ಣ ವೀಡಿಯೊ ಪಾಠಗಳಿವೆ. ಆರ್‌ಎಫ್‌ಐ ರೇಡಿಯೊ ಸುಲಭ ಫ್ರೆಂಚಿನಲ್ಲಿ ದಿನದ ಸುದ್ದಿ ಕೊಡುತ್ತದೆ, ಆದರೆ ಅದು ಐದಾರು ತಿಂಗಳು ಕಳೆದವರಿಗೆ. ಡುವೊಲಿಂಗೊದಂಥ ಆ್ಯಪ್ ಪದ ಕಲಿಯಲು ಪರವಾಗಿಲ್ಲ, ಅದೊಂದನ್ನೇ ನಂಬಿದರೆ ಬಾಯಿ ತೆರೆಯಲು ಬರುವುದಿಲ್ಲ.

ಹೊಸಬರಿಗೆ ಹೆಚ್ಚು ಫಲ ಕೊಡುವ ಅಭ್ಯಾಸ ಹಳೆಯ ಕಾಲದ ಉಕ್ತಲೇಖನ. ಅರ್ಧ ನಿಮಿಷದ ಆಡಿಯೊ ಕೇಳಿ ಕೇಳಿದಷ್ಟು ಬರೆಯುವುದು, ಆಮೇಲೆ ಮೂಲದೊಂದಿಗೆ ಹೋಲಿಸುವುದು. ಮೌನ ಅಕ್ಷರಗಳು ಎಲ್ಲೆಲ್ಲಿ ಅಡಗಿವೆ ಎಂದು ಬೇರೆ ಯಾವ ದಾರಿಯಲ್ಲೂ ಇಷ್ಟು ಬೇಗ ತಿಳಿಯುವುದಿಲ್ಲ. ಅದನ್ನೇ ಗಟ್ಟಿಯಾಗಿ ಓದಿ ವಾಟ್ಸ್‌ಆ್ಯಪ್ ವಾಯ್ಸ್ ಮಾಡಿ ತನಗೆ ತಾನೇ ಕಳಿಸಿಕೊಂಡು ಕೇಳಿದರೆ ಉಚ್ಚಾರದ ತಪ್ಪು ತಾನಾಗಿ ಗೊತ್ತಾಗುತ್ತದೆ. ದಿನಕ್ಕೆ ಅರ್ಧ ಗಂಟೆ, ತಪ್ಪದೆ. ಭಾನುವಾರ ಒಂದೇ ದಿನ ನಾಲ್ಕು ಗಂಟೆ ಕೂತರೆ ಮುಂದಿನ ಭಾನುವಾರಕ್ಕೆ ಅರ್ಧ ಮರೆತಿರುತ್ತದೆ.

ಮಟ್ಟ, ಪರೀಕ್ಷೆ, ಏಜೆಂಟರ ಮಾತು

ಯುರೋಪಿನ ಅಳತೆಯಂತೆ ಭಾಷೆಗೆ ಆರು ಮಟ್ಟ: ಎ1, ಎ2, ಬಿ1, ಬಿ2, ಸಿ1, ಸಿ2. ಎ1 ಎಂದರೆ ತನ್ನ ಪರಿಚಯ, ಸಮಯ, ಬೆಲೆ, ದಾರಿ ಕೇಳುವಷ್ಟು. ಇದಕ್ಕೆ ಸಾಮಾನ್ಯವಾಗಿ 80ರಿಂದ 100 ಗಂಟೆಯ ಪಾಠ ಬೇಕು. ಬಿ2 ತಲುಪಲು ಮೊದಲಿಂದ ಲೆಕ್ಕ ಹಾಕಿದರೆ 500ರಿಂದ 600 ಗಂಟೆ. ವಾರಕ್ಕೆ ಆರು ಗಂಟೆ ಕ್ಲಾಸಿಗೆ ಹೋದರೆ ಸುಮಾರು ಎರಡು ವರ್ಷ. ‘ಮೂರು ತಿಂಗಳಲ್ಲಿ ಫ್ರೆಂಚ್, ಆಮೇಲೆ ಕೆನಡಾ ಪಿಆರ್’ ಎಂಬ ಜಾಹೀರಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು.

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ 2023ರಿಂದ ಫ್ರೆಂಚ್ ಬಲ್ಲವರಿಗೆ ಪ್ರತ್ಯೇಕ ವಿಭಾಗ ಇರುವುದು ನಿಜ. ಆದರೆ ಅದಕ್ಕೆ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಈ ನಾಲ್ಕರಲ್ಲೂ ಅವರ ಅಳತೆಯ 7ನೇ ಮಟ್ಟ ಬೇಕು. ಅದು ಹೆಚ್ಚುಕಡಿಮೆ ಬಿ2. ಎ1 ಸರ್ಟಿಫಿಕೇಟಿನಿಂದ ಅಲ್ಲಿ ಏನೂ ಆಗುವುದಿಲ್ಲ. ಅಲ್ಲಿ ನಡೆಯುವುದು ಟಿಇಎಫ್ ಕೆನಡಾ, ಟಿಸಿಎಫ್ ಕೆನಡಾ ಎಂಬ ಎರಡು ಪರೀಕ್ಷೆ ಮಾತ್ರ, ಡೆಲ್ಫ್ ನಡೆಯುವುದಿಲ್ಲ. ಹಣ ಕಟ್ಟುವ ಮೊದಲು ‘ಯಾವ ಪರೀಕ್ಷೆ, ಯಾವ ಮಟ್ಟ, ಎಷ್ಟು ಗಂಟೆ ಪಾಠ’ ಎಂದು ಮೂರು ಪ್ರಶ್ನೆ ಕೇಳಿ ಉತ್ತರವನ್ನು ಬರೆಸಿಕೊಳ್ಳಬೇಕು. ನಿಯಮ ಆಗಾಗ ಬದಲಾಗುವುದರಿಂದ ಕೆನಡಾ ಸರಕಾರದ ವಲಸೆ ಇಲಾಖೆಯ ತಾಣವನ್ನೂ ನೋಡಬೇಕು.

ಫ್ರಾನ್ಸಿನ ದಾರಿ ಬೇರೆ. ಅಲ್ಲಿ ಇಂಗ್ಲಿಷಿನಲ್ಲೇ ನಡೆಯುವ ಮಾಸ್ಟರ್ಸ್ ಕೋರ್ಸುಗಳು ಸಾಕಷ್ಟಿವೆ, ಅವಕ್ಕೆ ಫ್ರೆಂಚ್ ಕಡ್ಡಾಯ ಇಲ್ಲದಿರಬಹುದು. ಫ್ರೆಂಚ್ ಮಾಧ್ಯಮದ ಕೋರ್ಸಿಗೆ ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ವಿದ್ಯಾರ್ಥಿಗಳಿಗೆ ವರ್ಷಕ್ಕೆ 964 ಗಂಟೆ ತನಕ ದುಡಿಯಲು ಅನುಮತಿ ಇದೆ. ಆದರೆ ಅಂಗಡಿ, ಹೋಟೆಲುಗಳಲ್ಲಿ ಗಿರಾಕಿಯೊಡನೆ ಮಾತಾಡಲು ಬಾರದವರಿಗೆ ಕೆಲಸ ಸಿಗುವುದು ಕಷ್ಟ. ಇಂಗ್ಲಿಷ್ ಕೋರ್ಸಿಗೆ ಹೋಗುವವರೂ ಊರಿನಲ್ಲೇ ಎ2 ಮುಗಿಸಿ ಹೊರಟರೆ ಮೊದಲ ಆರು ತಿಂಗಳ ಖರ್ಚು ಮನೆಯವರ ಮೇಲೆ ಅಷ್ಟು ಬೀಳುವುದಿಲ್ಲ.

ಹೊಸಬರಿಗೆ ಮೊದಲ ಪರೀಕ್ಷೆ ಡೆಲ್ಫ್ ಎ1. ನಾಲ್ಕು ಭಾಗ, ತಲಾ 25 ಅಂಕ. ಒಟ್ಟು 50 ಬಂದರೆ ಪಾಸ್, ಆದರೆ ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಆಗಬಾರದು. ಡೆಲ್ಫ್ ಸರ್ಟಿಫಿಕೇಟಿಗೆ ಅವಧಿ ಮುಗಿಯುವುದಿಲ್ಲ, ಪ್ಲಸ್ ಟು ಓದುವಾಗ ಬರೆದದ್ದು ಮುಂದೆಯೂ ನಡೆಯುತ್ತದೆ. ಟಿಇಎಫ್, ಟಿಸಿಎಫ್ ಕೆನಡಾ ಫಲಿತಾಂಶಕ್ಕೆ ಎರಡೇ ವರ್ಷ ಬೆಲೆ. ಅವನ್ನು ಅರ್ಜಿ ಹಾಕುವ ಸಮಯ ಹತ್ತಿರ ಬಂದಾಗ ಬರೆಯುವುದೇ ಲಾಭ.